ದಕ್ಷಿಣಕ್ಕೆ ಬಂದ ಲಿವರ್

ಕಳೆದ ಸೆಪ್ಟೆಂಬರ್ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ನನ್ನ ಸೋದರಮಾವ ಮೈಸೂರಿನಿಂದ ಬಸ್ಸಿನಲ್ಲಿ ಬಂದು ಭಾಗಮಂಡಲದಲ್ಲಿ ಇಳಿದರು. ಅವರ ಜೊತೆ ಇನ್ನೊಬ್ಬ ಪ್ರಯಾಣಿಕರಿದ್ದರು. ಕಿಟಕಿ ಪಕ್ಕದ ಸೀಟು, ಮೈತುಂಬ ಪಂಚೆ, ಮುಖ ಕಾಣದು. "ಅಜ್ಜಿಗೆ ಹುಷಾರಿಲ್ವಾ?" ಎಂದು ಕಂಡಕ್ಟರ್ ಕೇಳಿದನಂತೆ. ಮಾವ ಪಂಚೆ ಸರಿಸಿ ತೋರಿಸಿದರು. ಒಳಗಿದ್ದದ್ದು ಮೂವತ್ತೈದು ಕಿಲೋ ಕಬ್ಬಿಣ!

ಜೀಪಿನ ಆಪರೇಷನ್ನಿಗೆ ಮುಹೂರ್ತ ಇಟ್ಟ ಪುರೋಹಿತರು ಜಗತ್ತಿನಲ್ಲಿ ನಮ್ಮ ಮಾವ ಒಬ್ಬರೇ. ಸುದ್ದಿಮನೆಯಲ್ಲಿ ಕೆಲಸ ಮಾಡುವ ನನಗೆ 'ಒಬ್ಬರೇ' ಎಂದು ಬರೆಯುವುದರ ಅಪಾಯ ಗೊತ್ತು. ಎರಡನೆಯವರು ಇದ್ದರೆ ತಿಳಿಸಿ, ತಿದ್ದುಪಡಿ ಹಾಕೋಣ.

ಆ ಕಬ್ಬಿಣದ ಹೆಸರು ಟ್ರಾನ್ಸ್‌ಫರ್ ಕೇಸ್. ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುವ ಡಬ್ಬ. ಏರು ಕಂಡಾಗ ಲಿವರ್ ಎಳೆದು 'ಲೋ'ಗೆ ಹಾಕಿದರೆ ಜೀಪು ಆನೆಯ ಹಾಗೆ ನಿಧಾನಕ್ಕೆ, ಆದರೆ ಬಿಡದೆ ಹತ್ತುತ್ತದೆ. ಮಾವನ ಹಳೆಯ ಜೀಪಿನ ಡಬ್ಬಕ್ಕೆ ಈ ಬಿಡದಿರುವ ಗುಣ ಹೋಗಿತ್ತು. ಅರ್ಧ ಏರಿನಲ್ಲಿ 'ಲೋ' ತಾನಾಗಿ ಕಳಚಿಕೊಳ್ಳುತ್ತಿತ್ತು.

ಅದರಿಂದ ಕೆಟ್ಟದ್ದು ಅತ್ತೆಯ ವರ್ಷದ ಕೆಲಸ. ಕಾವೇರಿ ಸಂಕ್ರಮಣದ ತೀರ್ಥವನ್ನು ಅವರು ಪ್ರತಿವರ್ಷ ನಾಪೋಕ್ಲು ಆಚೆಯ ಬೆಟ್ಟದ ಮೇಲಿರುವ ತಮ್ಮ ಅಕ್ಕನಿಗೆ ಸ್ವಂತ ಕೈಯಿಂದ ಕೊಡಬೇಕು. ಡಾಂಬರು ರಸ್ತೆ ಬಿಟ್ಟ ಮೇಲೆ ಮೂರು ಕಿಲೋಮೀಟರ್ ಬರೀ ಕಲ್ಲು. ಅತ್ತೆಗೆ ಮಂಡಿನೋವು, ನಡೆಯಲಾಗದು. ಹೋದ ವರ್ಷ ಮೂರನೆಯ ತಿರುವಿನಲ್ಲಿ ಜೀಪು ಸೋತಿತು. ಮೇಲಿನ ಅಂಗಳದಿಂದ ಅಕ್ಕ ಟವೆಲ್ ಬೀಸಿದರು, ಕೆಳಗಿನಿಂದ ಅತ್ತೆ ಸೆರಗು ಬೀಸಿದರು. ತೀರ್ಥವನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಡೆದುಕೊಂಡು ಹೋಗಿ ತಲುಪಿಸಿದ. ಮಾವ ಹೊಸ ಡಬ್ಬ ಹುಡುಕಲು ಹೊರಟದ್ದು ಆಗಲೇ.

ಸಿಕ್ಕಿದ್ದು ಬೇರೆ ಜಾತಿಯ ಗಾಡಿಯದು. ಅದಕ್ಕೆ ತಕ್ಕಂತೆ ಚಕ್ರಗಳ ಕಡೆಗೆ ಹೋಗುವ ಒಂದು ಶಾಫ್ಟು ಗಿಡ್ಡವಾಗಬೇಕು, ಇನ್ನೊಂದು ಉದ್ದವಾಗಬೇಕು, ನೆಲದ ತಗಡು ಕೊರೆದು ಲಿವರನ್ನು ಹೊಸದಾಗಿ ಕೂರಿಸಬೇಕು. ನಾಪೋಕ್ಲಿನ ಮೇಸ್ತ್ರಿ ಒಪ್ಪಿಕೊಂಡ. ಅವನು ಮನೆಯಲ್ಲಿ ಮಲಯಾಳ, ಅಂಗಡಿಯಲ್ಲಿ ಕನ್ನಡ, ಬೋಲ್ಟ್ ಬಿಗಿಯಾಗಿದ್ದರೆ ಎರಡೂ ಮಾತಾಡುವವನು. ಮೊದಲ ದಿನವೇ ಸ್ಪಾನರ್ ಹಿಡಿದು ಒಂದೂವರೆ ಗಂಟೆ ಸುಮ್ಮನೆ ಕೂತ.

"ಭಟ್ರೇ, ಬೋಲ್ಟಿಗೆ ಎಂತ ರಾಹುಕಾಲ?"

"ಬೋಲ್ಟಿಗಲ್ಲ ಮಾರಾಯ, ಅದನ್ನು ಬಿಚ್ಚುವ ನಿನ್ನ ಕೈಗೆ!"

ಇಲ್ಲಿ ಮಾವನ ಒಂದು ಅಭ್ಯಾಸ ಹೇಳಲೇಬೇಕು. ಅವರ ಬಾಯಲ್ಲಿ ಎಡ, ಬಲ ಎಂಬ ಮಾತೇ ಬರುವುದಿಲ್ಲ. ಹೋಮಕುಂಡದ ಮುಂದೆ ನಲವತ್ತು ವರ್ಷ ಕೂತವರಿಗೆ ಇರುವುದು ದಿಕ್ಕುಗಳು ಮಾತ್ರ. ಊಟಕ್ಕೆ ಕೂತರೆ, "ಪಲ್ಯ ಸ್ವಲ್ಪ ಈಶಾನ್ಯಕ್ಕೆ ಬಡಿಸು." ಕ್ಷೌರಕ್ಕೆ ಕೂತರೆ, "ಪಶ್ಚಿಮದ ಕಿವಿ ಹತ್ತಿರ ನೋಡಪ್ಪಾ!"

ಮೇಸ್ತ್ರಿಗೂ ಹಾಗೇ ಚೀಟಿ ಬರೆದುಕೊಟ್ಟರು: 'ಲಿವರ್ ದಕ್ಷಿಣಕ್ಕೆ ಬರತಕ್ಕದ್ದು.' ಮನೆಯಲ್ಲಿ ಜೀಪು ಯಾವಾಗಲೂ ಪೂರ್ವಾಭಿಮುಖ. ಆಗ ದಕ್ಷಿಣ ಎಂದರೆ ಡ್ರೈವರ್ ಕಡೆ. ಆದರೆ ಮೇಸ್ತ್ರಿಯ ಶೆಡ್ಡಿನಲ್ಲಿ ಜೀಪು ಪಶ್ಚಿಮಕ್ಕೆ ಮುಖ ಮಾಡಿ ನಿಂತಿತ್ತು. ಅವನಾದರೂ ದಿನಕ್ಕೆ ಐದು ಸಲ ದಿಕ್ಕು ನೋಡಿ ನಮಾಜು ಮಾಡುವವನು, ತಪ್ಪುತ್ತಾನೆಯೇ? ಕರಾರುವಾಕ್ಕಾಗಿ ದಕ್ಷಿಣಕ್ಕೇ ಬೆಸುಗೆ ಹಾಕಿದ. ಲಿವರ್ ಹೋಗಿ ಅತ್ತೆಯ ಸೀಟಿನ ಪಕ್ಕ ನಿಂತಿತು!

"ಇದೆಂತದು ಮಾರಾಯ?" ಮಾವ ಕೇಳಿದರು.

"ನಿಮ್ಮದೇ ಚೀಟಿ ಭಟ್ರೇ. ಓದಿ."

ಮಾವ ಓದಿದರು. ಚೀಟಿಯನ್ನು ತಿರುಗಿಸಿಯೂ ನೋಡಿದರು. ಆ ಲಿವರಿಗೆ ಅವರು ಕೈ ಚಾಚಿದರೆ ತಲೆ ಸ್ಟೀರಿಂಗಿಗಿಂತ ಕೆಳಗೆ ಹೋಗುತ್ತದೆ, ರಸ್ತೆ ಕಾಣದು. ಸರಿಮಾಡಲು ಹೊತ್ತಿರಲಿಲ್ಲ, ಸಂಕ್ರಮಣ ಬಂದೇ ಬಿಟ್ಟಿತ್ತು. ವೇಗ ತೋರಿಸುವ ಮೀಟರಿಗೂ ಹೊಸ ಡಬ್ಬಕ್ಕೂ ಹೊಂದಲಿಲ್ಲ. ಮೂವತ್ತರಲ್ಲಿ ಹೋದರೆ ಅರವತ್ತು ತೋರಿಸಿತು. ಜನ್ಮದಲ್ಲಿ ನಲವತ್ತು ದಾಟದ ಮಾವ ಇದರಿಂದ ಬಹಳ ಸಂತೋಷಪಟ್ಟರು.

ಸಂಕ್ರಮಣದ ಗಡಿಬಿಡಿ ಮುಗಿದ ಮೂರನೆಯ ದಿನ ಬೆಳಿಗ್ಗೆ ಹೊರಟೆವು. ಹಿಂದೆ ನಾನು, ಮುಂದೆ ಅವರಿಬ್ಬರು. ಅತ್ತೆಯ ಮಡಿಲಲ್ಲಿ ತೀರ್ಥದ ತಂಬಿಗೆ. ಕಲ್ಲುದಾರಿಯ ಬುಡದಲ್ಲಿ ಮಾವ ನಿಲ್ಲಿಸಿ ಕ್ಲಚ್ ಒತ್ತಿದರು.

"ಹೂಂ, ಪಶ್ಚಿಮಕ್ಕೆ ಎಳಿ."

"ರೀ, ಇಲ್ಲಿ ಪಶ್ಚಿಮ ಯಾವುದು?"

"ಸೂರ್ಯ ಕಾಣುವುದಿಲ್ವಾ ನಿನಗೆ?"

"ಸೂರ್ಯನ್ನ ನೋಡ್ತಾ ಗೇರ್ ಹಾಕ್ಲಿಕ್ಕೆ ನಾನೇನು ನಿಮ್ಮ ಪಂಚಾಂಗವಾ? ನನ್ನ ಬೆನ್ನಿನ ಕಡೆಗೋ, ಹೊಟ್ಟೆ ಕಡೆಗೋ, ಅದು ಹೇಳಿ!"

ಮಾವ ಸೂರ್ಯನನ್ನೂ ಅತ್ತೆಯ ಬೆನ್ನನ್ನೂ ನೋಡಿದರು. "ಬೆನ್ನಿನ ಕಡೆಗೆ."

ಅತ್ತೆ ಎಳೆದರು. ಕಟಕ್ ಎಂದು ಕೂತಿತು. ಮೊದಲ ತಿರುವು, ಎರಡನೆಯದು. ಹೋದ ವರ್ಷ ಸೋತ ಮೂರನೆಯದೂ ಬಂತು. ಅತ್ತೆ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಲಿವರ್ ಹಿಡಿದೇ ಇದ್ದರು. ಜೀಪು ಹತ್ತಿತು!

ಅಂಗಳದಲ್ಲಿ ಅಕ್ಕ ಕೋಲು ಊರಿಕೊಂಡು ನಿಂತಿದ್ದರು. ತೀರ್ಥ ಕುಡಿದರು, ತಂಗಿಯ ಕೆನ್ನೆ ಸವರಿದರು, ಮಾವನಿಗೆ ಬೈದರು. ಬೈಗುಳಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಅವರನ್ನು ಕೂರಿಸಿಕೊಂಡು ಇಳಿಯುವಾಗ ಜೀಪನ್ನು ತಡೆದು ಹಿಡಿಯುವ 'ಲೋ' ಕಳಚಿ, ಜೀಪು ಓಡಿ, ದಾರಿ ಬದಿಯ ಮಣ್ಣಿನ ಬರೆಗೆ ಗುದ್ದಿ ನಿಂತಿತ್ತು. ಅಕ್ಕನ ಸೊಂಟ ಹೋದದ್ದು ಅಂದು. ಆಮೇಲೆ ಅವರು ಬೆಟ್ಟ ಇಳಿದಿರಲಿಲ್ಲ.

"ಹೊಸತು ಕಳಚುವುದಿಲ್ಲ ಅಕ್ಕ, ಬನ್ನಿ. ನಾಲ್ಕು ದಿನ ಇದ್ದು ಬರುವಿರಂತೆ," ಎಂದರು ಮಾವ.

"ಯಾರು ಹೇಳಿದ್ದು?"

"ಮೇಸ್ತ್ರಿ."

"ಮೇಸ್ತ್ರಿ ಬಂದಿದ್ದಾನಾ ಜೊತೆಗೆ?"

ಅತ್ತೆ ಹೇಳಿದರು: "ಲಿವರ್ ಈಗ ನನ್ನ ಕೈಯಲ್ಲಿ ಉಂಟು ಅಕ್ಕ. ಕೆಳಗೆ ಮುಟ್ಟುವವರೆಗೂ ನಾನೇ ಹಿಡ್ಕೊಳ್ತೇನೆ."

ಅಕ್ಕ ತಂಗಿಯ ಮುಖ ನೋಡಿದರು. ಒಳಗೆ ಹೋದರು. ಬಂದಾಗ ಕೈಯಲ್ಲಿ ಬಟ್ಟೆಯ ಚೀಲ ಇತ್ತು.

ಇಳಿಯುವಾಗ ಅಕ್ಕ ಮುಂದೆ ಕೂತರು. ಅತ್ತೆ ನನ್ನ ಪಕ್ಕ ಹಿಂದೆ ಕೂತು, ಅಕ್ಕನ ಹೆಗಲ ಮೇಲಿಂದ ಬಾಗಿ ಲಿವರ್ ಹಿಡಿದರು. ಮಂಡಿ ಮಡಚಿದ ನೋವು ಮುಖದಲ್ಲಿ ಕಾಣುತ್ತಿತ್ತು. ಮೊದಲ ತಿರುವಿನಲ್ಲಿ ಅಕ್ಕ ಕಣ್ಣು ಮುಚ್ಚಿ ತಂಗಿಯ ಕೈಮೇಲೆ ತಮ್ಮ ಕೈ ಇಟ್ಟರು. ಎಂಜಿನ್ನು ಗುರುಗುಡುತ್ತ ಜೀಪನ್ನು ಹಿಡಿದು ಹಿಡಿದು ಇಳಿಸಿತು. ದಾರಿಯುದ್ದಕ್ಕೂ ಮಾವ ಒಂದೇ ಒಂದು ದಿಕ್ಕಿನ ಹೆಸರು ಹೇಳಲಿಲ್ಲ. ಡಾಂಬರು ಬಂದಾಗ ಮೆಲ್ಲಗೆ, "ಇನ್ನು ಬಿಡಬಹುದು," ಎಂದರು.

ಇಬ್ಬರೂ ಬಿಡಲಿಲ್ಲ.

ಅಕ್ಕ ಭಾಗಮಂಡಲಕ್ಕೆ ಬಂದು ಇವತ್ತಿಗೆ ಹನ್ನೆರಡು ದಿನ. ಮೊನ್ನೆ ಸೋಮವಾರ ಮೇಸ್ತ್ರಿ ಲಿವರನ್ನು ಮಾವನ ಕಡೆಗೆ ಬದಲಿಸಿಕೊಡಲು ಸಾಮಾನು ಸಮೇತ ಬಂದಿದ್ದ. ಮಾವ ಅವನಿಗೆ ಕಾಫಿ ಕೊಟ್ಟು ವಾಪಸು ಕಳಿಸಿದರು.