ನೀರೊಳಗಿನ ಟೀ ಅಂಗಡಿ

ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂಬುದು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರಿಗೇ ಗೊತ್ತು. ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ನಾನು ಭಾನುವಾರವೂ ಮನೆಯೊಳಗೆ ರೌಂಡ್ಸ್ ಹೊಡೆಯುತ್ತೇನೆ. ಫ್ರಿಜ್ ತೆರೆದು, ಏನನ್ನೂ ತೆಗೆಯದೆ ಮುಚ್ಚುತ್ತೇನೆ. ಕೊನೆಗೆ ನನ್ನ ಹೆಂಡತಿ ತಡೆಯಲಾರದೆ ಒಂದು ಪೆನ್ಸಿಲ್ ಡಬ್ಬಿ ತಂದುಕೊಟ್ಟು, ಎಲ್ಲಾದರೂ ಹೋಗಿ ಗುಡ್ಡವೋ ಕೆರೆಯೋ ಬರೆಯಿರಿ, ಮುಗಿಸದೆ ಬರಬೇಡಿ ಎಂದಳು.

ಹೀಗೆ ನಾನು ಕಲಾವಿದನಾದೆ. ನಾಲ್ಕು ಭಾನುವಾರ ಹತ್ತಿರದ ಕೆರೆ ದಂಡೆಗೆ ಹೋಗಿ ನಾಲ್ಕು ಅರ್ಧ ಚಿತ್ರ ಬರೆದೆ. ತಪ್ಪು ಪೂರ್ತಿ ನನ್ನದಲ್ಲ. ಮರದ ಬುಡ ಮುಗಿಸುವುದರೊಳಗೆ ಅದರ ಮುಂದೆ ಕಾಂಕ್ರೀಟ್ ಲಾರಿ ನಿಲ್ಲುತ್ತದೆ. ಕಳೆದ ವಾರ ಆಕಾಶ ಇದ್ದ ಕಡೆ ಈ ವಾರ ಎರಡು ಮಹಡಿ ಎದ್ದಿರುತ್ತವೆ.

ಐದನೆಯ ಭಾನುವಾರ ಒಂದು ಕಣ್ಣು ಮುಚ್ಚಿ, ಕೈ ಚಾಚಿ, ದಂಡೆಯ ಮೇಲಿನ ಟೀ ಅಂಗಡಿಯ ಎತ್ತರವನ್ನು ಪೆನ್ಸಿಲಿನಲ್ಲಿ ಅಳೆಯುತ್ತಿದ್ದೆ. ವಿಡಿಯೊ ನೋಡಿ ಕಲಿತ ವಿದ್ಯೆ. ಅಂಗಡಿಯ ಗೌರಮ್ಮ ಕೇಳದೆಯೇ ಟೀ ತಂದಿಟ್ಟು ಹಾಳೆಯೊಳಗೆ ಇಣುಕಿದಳು.

"ಸಾರ್, ನನ್ನ ಅಂಗಡೀನ ನೀರೊಳಗೇ ಹಾಕ್ಬಿಟ್ಟಿದೀರಲ್ಲ."

ದೂರ ಹತ್ತಿರಗಳು ನನ್ನ ಕೈಗೆ ಇನ್ನೂ ಬಗ್ಗಿರಲಿಲ್ಲ. ಅಂಗಡಿ ಕೆರೆಯ ನಟ್ಟನಡುವೆ ಕೂತಿತ್ತು. ಆಕೆ ನನ್ನನ್ನು ಕೆರೆ ಅಳೆಯಲು ಬಂದ ಸರ್ವೆಯವನೆಂದೇ ತಿಳಿದಿದ್ದಳು. ನಾನು ಸರ್ವೆಯವನಲ್ಲ, ಸುಮ್ಮನೆ ಚಿತ್ರ ಬರೆಯುತ್ತಿದ್ದೇನೆ ಎಂದೆ. ಸುಮ್ಮನೆ ಯಾರು ಬಿಸಿಲಲ್ಲಿ ಕೂರುತ್ತಾರೆ ಎಂದಳು. ಹಿಂದಿನ ತಿಂಗಳು ಕೆರೆ ಒತ್ತುವರಿ ಅಳೆಯಲು ಬಂದವರೂ ಹೀಗೇ ಒಂದು ಕಣ್ಣು ಮುಚ್ಚಿದ್ದರಂತೆ. ಮರುವಾರವೇ ಪಕ್ಕದ ಪಂಕ್ಚರ್ ಅಂಗಡಿಗೆ, ಒಡೆಯಬೇಕೆಂದು, ಕೆಂಪು ಗುರುತು ಬಿತ್ತಂತೆ.

"ಇಬ್ರು ಹೆಣ್ಮಕ್ಳು ಓದ್ತಾ ಅವ್ರೆ ಸಾರ್. ಒಂಚೂರು ರೋಡ್ ಕಡೆ ತಳ್ಳಿ."

ನನಗೆ ನಿಜಕ್ಕೂ ಸಂಕಟವಾಯಿತು. ಅಳಿಸಿದೆ. ಆಕೆ ಪಕ್ಕದಲ್ಲೇ ನಿಂತು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಿದ್ದಳು. ಒಂದು ಗಂಟೆ ನಾನು ಕೂತಲ್ಲಿಂದ ಏಳಲಿಲ್ಲ. ಅಂಗಡಿ ನೀರು ಬಿಟ್ಟು, ರಸ್ತೆ ದಾಟಿ, ಬಸ್ ಸ್ಟಾಪಿನ ಹಿಂದೆ ಹೋಗಿ ನೆಮ್ಮದಿಯಾಗಿ ನಿಂತಿತು. ಜೀವಮಾನದಲ್ಲಿ ನಾನು ಮುಗಿಸಿದ ಮೊದಲ ಚಿತ್ರ. ಸೈನ್ ಹಾಕಿಕೊಡಿ ಎಂದಳು. ಕಲಾವಿದನಿಗೆ ಇನ್ನೇನು ಬೇಕು? ಉಬ್ಬಿಹೋಗಿ, ತಾರೀಕು ಸಮೇತ ಹಾಕಿಕೊಟ್ಟೆ. ಆಕೆ ಅದನ್ನು ಮಡಿಸಿ, ಆಧಾರ್ ಕಾರ್ಡು, ಕರೆಂಟ್ ಬಿಲ್ಲು ಇಟ್ಟ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿದಳು.

ನಿಜವಾದ ಸರ್ವೆಯವರು ಬಂದ ದಿನ ಆಕೆ ಅದನ್ನೇ ತೆಗೆದು ಅವರ ಮುಂದೆ ಹಿಡಿಯುತ್ತಾಳೆ ಎಂಬುದು ನನಗೆ ಆಮೇಲೆ ಹೊಳೆಯಿತು. ಆ ಕಾಗದ ಯಾವ ಕೆಲಸಕ್ಕೂ ಬರುವುದಿಲ್ಲ ಎಂದು ಹೇಳಿಬಿಡಬೇಕೆಂದು ಎರಡು ಸಲ ಹೋದೆ. ಎರಡು ಸಲವೂ ಆಕೆ ಕೂತಿದ್ದ ಗಿರಾಕಿಯನ್ನು ಎಬ್ಬಿಸಿ, ಬೆಂಚು ಒರೆಸಿ, ನನ್ನನ್ನು ಕೂರಿಸಿದಳು. ಎರಡು ಸಲವೂ ಟೀ ಕುಡಿದು, ಕೆರೆ ಚೆನ್ನಾಗಿದೆ ಎಂದು ಹೇಳಿ ಎದ್ದು ಬಂದೆ.