ಶಹಾಪುರದ ಅಗಲ ಮೈಯ ವಿಮಾನ

ದೂರ ದೂರ ಹಾರುವ, ಅಗಲ ಮೈಯ ದೊಡ್ಡ ವಿಮಾನ ಕಟ್ಟಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಜನ. ಅವರಲ್ಲೊಬ್ಬರು ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ! ನಗಬೇಡಿ. ನಾನೂ ಮೊದಲು ನಕ್ಕು, ಆಮೇಲೆ ಅದೇ ವಿಮಾನಕ್ಕೆ ಪೈಲಟ್ ಆದವಳು.

ಓಣಿಯವರೆಲ್ಲ ಅವರನ್ನು ಚಾಚಾ ಅನ್ನುತ್ತೇವೆ. ಬಸ್ಸು, ಟೆಂಪೊ, ಟ್ರ್ಯಾಕ್ಟರುಗಳ ಸೀಟು ಹೊಲಿಯುವುದು ಅವರ ಕಸುಬು. ಯಾದಗಿರಿಯಿಂದ ಸುರಪುರದ ತನಕ ನೀವು ಯಾವ ಗಾಡಿ ಹತ್ತಿದರೂ ಕೂರುವುದು ಚಾಚಾನ ಹೊಲಿಗೆಯ ಮೇಲೆಯೇ. ಕೊರಳಲ್ಲಿ ಸದಾ ಅಳತೆ ಪಟ್ಟಿ, ತುಟಿಗಳ ನಡುವೆ ಎರಡು ಮೊಳೆ. ಮೊಳೆ ಇರುವಷ್ಟು ಹೊತ್ತು ಮೌನ. ತೆಗೆದರೋ, ಕೇಳುವವರ ಗತಿ ದೇವರೇ ಬಲ್ಲ!

"ಚಾಚಾ, ನೀವು ಎಂದಾರ ವಿಮಾನ ಹತ್ತೀರೇನು?" ಎಂದು ಅವರು ವಿಮಾನದ ಮಾತೆತ್ತಿದ ಮೊದಲ ದಿನವೇ ಕೇಳಿದ್ದೆ. ನಾನು ಹೈಸ್ಕೂಲಿನ ಗಣಿತದ ಟೀಚರು, ಪ್ರಶ್ನೆ ಕೇಳುವುದು ಚಟ.

"ದವಾಖಾನಿ ಗಾಡಿ ಸೀಟೂ ಹೊಲದೀನ್ರಿ ಟೀಚರಬಾಯಿ. ಅದರಾಗ ಮಲಗೇ ಹೊಲೀಬೇಕಾಗಿತ್ತೇನು?"

ಇಷ್ಟಕ್ಕೆಲ್ಲ ಕಾರಣ ಅವರ ಹೆಂಡತಿ ಚಾಚಿಯ ಬಲಗಾಲು. ಸುರಪುರದ ತವರುಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದ ಮೇಲೆ ಆ ಮೊಣಕಾಲು ಮಡಚುವುದೇ ಇಲ್ಲ. ಮನೆಯಲ್ಲಿ ಗೋಡೆಗೊರಗಿ, ಕಾಲು ನೀಡಿ ಕೂತೇ ಅಡುಗೆಯಿಂದ ಓಣಿಯ ನ್ಯಾಯದ ತನಕ ಎಲ್ಲವನ್ನೂ ನಡೆಸುತ್ತಾರೆ. ಗಂಡ ಹೆಂಡತಿ ಇಬ್ಬರೂ ಹಜ್‌ಗೆ ಹೋಗಬೇಕೆಂಬುದು ಮದುವೆಯಾದಾಗಿನ ಆಸೆ. ಹೋಗಿ ಬಂದ ನೆಂಟರೊಬ್ಬರು ವಿಮಾನದ ಸೀಟಿನ ವರ್ಣನೆ ಮಾಡಿದ್ದೇ ತಡ, ಚಾಚಿ ಕೈ ಚೆಲ್ಲಿಬಿಟ್ಟರು.

"ನೀವು ಹೋಗಿ ಬರ್ರಿ. ನನ್ನ ಕಾಲು ಮಡಚಂಗಿಲ್ಲ, ಅಲ್ಲಿ ನೀಡಾಕ ಜಾಗಾ ಇರಂಗಿಲ್ಲ."

"ನಾ ಒಬ್ಬನ ಹೋಗಿ ನಿಂತ್ರ, ಇನ್ನೊಬ್ಬಾಕಿ ಎಲ್ಲಿ ಅಂತ ಮ್ಯಾಲಿನಾವ ಕೇಳಂಗಿಲ್ಲೇನು? ಏನಂತ ಜವಾಬು ಕೊಡ್ಲಿ?"

"ಹಂಗಾರ ಜಿದ್ದಾ ತನಕ ಆರು ತಾಸು ನೋವಿಲ್ದಂಗ ಕುಂದರೋ ಜಾಗಾ ತೋರಸ್ರಿ. ಬರ್ತೀನಿ."

ಬೇರೆ ಯಾರೇ ಆಗಿದ್ದರೂ ಒಂದು ಖುರ್ಚಿ ಮಾಡಿ ಸುಮ್ಮನಾಗುತ್ತಿದ್ದರು. ಚಾಚಾ ಖುರ್ಚಿಯನ್ನೂ ಮಾಡಿದರು, ಅದು ಯಾವ ವಿಮಾನದಲ್ಲೂ ಹಿಡಿಸುವುದಿಲ್ಲವೆಂದು ಗೊತ್ತಾದಾಗ ಅದರ ಸುತ್ತ ವಿಮಾನವನ್ನೇ ಕಟ್ಟಲು ಹೊರಟರು!

ಅವರ ಸಿದ್ಧಾಂತ ಸರಳ. "ಎಲ್ಲಾರೂ ಮೊದ್ಲ ರೆಕ್ಕಿ ಮಾಡ್ತಾರ, ಉಳಿದ ಜಾಗಾದಾಗ ಮಂದೀನ ತುರುಕ್ತಾರ. ನಾ ಮೊದ್ಲ ಮಂದೀನ ಕುಂದರಸ್ತೀನಿ. ಆಮ್ಯಾಲ ಹಾರೋದು." ಹೀಗಾಗಿ ಕಂಡವರ ಕಾಲನ್ನೆಲ್ಲ ಸೊಂಟದಿಂದ ಹಿಮ್ಮಡಿಯ ತನಕ ಅಳೆಯತೊಡಗಿದರು. ಚಹಾದ ಅಂಗಡಿಯಲ್ಲಿ ಅಳೆದರು, ಮದುವೆ ಪಂಕ್ತಿಯಲ್ಲಿ ಅಳೆದರು. ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಸೀಟು ಹೊಲಿಯಲು ಹೋದವರು ಸಾಹೇಬರ ಕಾಲನ್ನೂ ಬಿಡಲಿಲ್ಲ. ಹೊಸದಾಗಿ ಬಂದಿದ್ದ ಆ ಸಾಹೇಬರು, ಇಲ್ಲಿ ಹೀಗೇ ಪದ್ಧತಿಯೇನೋ ಎಂದುಕೊಂಡು, "ಪ್ಯಾಂಟು ಯಾವಾಗ ಕೊಡ್ತೀರಿ?" ಎಂದು ಕೇಳಿದರಂತೆ!

ಅಳತೆ ಸೇರಿದಂತೆಲ್ಲ ವಿಮಾನದ ಮೈ ಅಗಲವಾಗುತ್ತ ಹೋಯಿತು. ಕಾಲು ನೀಡಲು ಜಾಗ, ಚಕ್ಕಳಮಕ್ಕಳ ಹಾಕಿ ಉಣ್ಣಲು ಜಾಗ, ನಡುವೆ ಚಹಾದವನು ಓಡಾಡಲು ಎರಡು ದಾರಿ. ನಾನು ಕೂಡಿಸಿ ನೋಡಿದೆ.

"ಚಾಚಾ, ಇದು ನಮ್ಮ ಬಜಾರದ ರಸ್ತೆಗಿಂತ ಅಗಲ ಆತು!"

"ಬಜಾರದಾಗ ಯಾಕ ಒಯ್ಯೂಣ್ರಿ? ಆಕಾಶದಾಗ ಜಾಗಾ ಐತಲ್ಲ!"

"ಎಂಜಿನ್ ಯಾರು ಮಾಡ್ತಾರ?"

"ಬಸ್ಸಿನ ಬಾಡಿ ಕಟ್ಟೋರು ಎಂಜಿನ್ ಮಾಡ್ತಾರೇನ್ರಿ? ತರ್ತಾರ, ಕುಂದರಸ್ತಾರ. ಇದೂ ಹಂಗ."

ಈ ಸಲವಾದರೂ ಸಿಕ್ಕಿಬಿದ್ದರು ಎಂದು ಖುಷಿಯಿಂದ ಮನೆಗೆ ಹೋಗಿ ಫೋನಿನಲ್ಲಿ ಹುಡುಕಿದೆ. ದೊಡ್ಡ ದೊಡ್ಡ ವಿಮಾನ ಕಂಪನಿಗಳೂ ಎಂಜಿನ್ನನ್ನು ಬೇರೆಯವರಿಂದಲೇ ತರಿಸುತ್ತವಂತೆ! ಆ ರಾತ್ರಿ ಚಾಚಾನ ಎದುರು ಹೋಗಲು ನಾಚಿಕೆಯಾಗಿ ಕಿಟಕಿ ಮುಚ್ಚಿಕೊಂಡೆ.

ಪರದೇಶದ ಕಂಪನಿಯೊಂದು ಹೊಸ ಅಗಲ ಮೈಯ ವಿಮಾನ ಕಟ್ಟುತ್ತಿದೆ ಎಂದು ಯಾರೋ ಹೇಳಿದರು. ಚಾಚಾ ಹೇಳಿದ್ದನ್ನೆಲ್ಲ ನಾನು ಇಂಗ್ಲಿಷಿಗಿಳಿಸಿ, ಚಾಚಿಯ ಕಾಲಿನ ಅಳತೆಯ ಸಮೇತ ಆ ಕಂಪನಿಗೆ ಇಮೇಲ್ ಕಳಿಸಿದೆ. ಎರಡೇ ನಿಮಿಷಕ್ಕೆ ಜವಾಬು ಬಂತು. ಕಂಪ್ಯೂಟರು ತಾನೇ ಬರೆದು ತಾನೇ ಕಳಿಸಿದ ಧನ್ಯವಾದವದು. ನಿಮ್ಮ ಆಸಕ್ತಿಗೆ ಋಣಿ, ಅಷ್ಟೇ.

"ಬ್ಯಾಡ ಅಂದಾರೇನು?" ಎಂದರು ಚಾಚಾ.

"ಬ್ಯಾಡ ಅಂತ ಏನಿಲ್ಲ, ಆದ್ರ..."

"ಬಸ್! ಅಷ್ಟು ಸಾಕು." ಮರುದಿನ ಆ ಪತ್ರ ಲ್ಯಾಮಿನೇಟ್ ಆಗಿ ಅಂಗಡಿಯ ಗೋಡೆಯ ಮೇಲಿತ್ತು.

ಆಮೇಲೆ ಕಟ್ಟುವ ಕೆಲಸ ಶುರುವಾಯಿತು. ಗುಜರಿಗೆ ಹೊರಟಿದ್ದ ಹಳೇ ಬಸ್ಸಿನ ಬಾಡಿಯೊಂದನ್ನು ತಂದು ಅಂಗಡಿಯ ಹಿಂದಿನ ಶೆಡ್ಡಿನೊಳಗೆ ನಿಲ್ಲಿಸಿದರು. ಮೂತಿಯಿಂದ ಬಾಲದ ತನಕ ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ದೂರ ಸರಿಸಿ, ನಡುವೆ ತಗಡು ಬೆಸೆಯಿಸಿದರು. ಹೊಲಿಸಿದ ಜಂಪರ್ ಮೈಗೆ ಬಿಗಿಯಾದರೆ ನಡುವೆ ಪಟ್ಟಿ ಕೊಡುತ್ತಾರಲ್ಲ, ಹಾಗೆ. ಹತ್ತಿಕುಣಿಯ ಕಡೆಯಿಂದ ಹತ್ತಿ ತರಿಸಿ ಸೀಟು ತುಂಬಿದರು. ಎಲ್ಲ ಮುಗಿದ ಮೇಲೆ ಗೊತ್ತಾಯಿತು, ಶೆಡ್ಡಿನ ಬಾಗಿಲಿಗಿಂತ ವಿಮಾನ ಎರಡು ಪಟ್ಟು ಅಗಲ! ನಾವೆಲ್ಲ ಬಾಯಿಗೆ ಸೆರಗು ಹಿಡಿದು ನಿಂತರೆ ಚಾಚಾ, "ಚೊಲೋನ ಆತು. ಯಾರೂ ಕದ್ದೊಯ್ಯಂಗಿಲ್ಲ" ಅಂದರು.

ಒಂದು ಭಾನುವಾರ ಶೆಡ್ಡಿನೊಳಗೇ ಪರೀಕ್ಷಾ ಹಾರಾಟ ನಿಗದಿಯಾಯಿತು. ಬೆಳಿಗ್ಗೆ ಹತ್ತಕ್ಕೆ ಹೈದರಾಬಾದ್ ಬಿಟ್ಟು ಸಂಜೆ ನಾಲ್ಕಕ್ಕೆ ಜಿದ್ದಾ ಮುಟ್ಟುವುದು. ಆರು ತಾಸು ಯಾರೂ ಇಳಿಯಕೂಡದು. ಓಣಿಯ ಹತ್ತು ಹನ್ನೆರಡು ಜನ ಪ್ರಯಾಣಿಕರು. ಬಸ್ಸಿನ ಸ್ಟೇರಿಂಗ್ ಹಿಡಿಯಲು ಲೆಕ್ಕ ಬಲ್ಲವರೇ ಬೇಕೆಂದು ನನ್ನನ್ನು ಕೂರಿಸಿದರು. ನಾನು ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟು ತಂದಿದ್ದೆ. ಕಿಟಕಿಯ ಪಕ್ಕ ಚಾಚಿ, ಮುಂದೆ ಅವರ ಕಾಲಿಗೆಂದೇ ಮಾಡಿದ ಹಲಗೆ, ಪಕ್ಕದಲ್ಲಿ ಚಾಚಾ.

ಮಂಡಕ್ಕಿಯ ಸುಸಲಾ, ಮಿರ್ಚಿ ಭಜ್ಜಿ, ಚಹಾ, ಎಲ್ಲ ಸಾಂಗವಾಗಿ ನಡೆಯಿತು. ಹನ್ನೆರಡರ ಹೊತ್ತಿಗೆ ನಿವೃತ್ತ ಗುಮಾಸ್ತರೊಬ್ಬರು ಎದ್ದು ನಿಂತರು.

"ನಳದ ನೀರು ಬರೋ ಹೊತ್ತಾತು. ನನ್ನ ಇಳಸ್ರಿ."

"ಸಮುದ್ರದ ಮ್ಯಾಲ ಅದೀವ್ರಿ! ಎಲ್ಲಿ ಇಳೀತೀರಿ?" ಎಂದೆ ನಾನು.

ಅವರು ಕಿಟಕಿಯಿಂದ ಹಣಕಿ ನೋಡಿ ಚೀರಿದರು. "ಚಪ್ಪಲ್! ಎಲ್ಲಾರ ಚಪ್ಪಲ್ ಹೊರಗ ಉಳದಾವ!"

ಹೌದಲ್ಲ! ನಮ್ಮ ಕಡೆ ಯಾರಾದರೂ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮಂದಿಯ ಮನೆ ಹೊಗುತ್ತಾರೆಯೇ? ಎಲ್ಲರೂ ವಿಮಾನದ ಬಾಗಿಲಲ್ಲಿ ಬಿಟ್ಟೇ ಹತ್ತಿದ್ದರು. ನಾವು ಜಿದ್ದಾ ಮುಟ್ಟಿದರೂ ಚಪ್ಪಲಿಗಳು ಹೈದರಾಬಾದಿನಲ್ಲೇ! ಚಾಚಾ ಗಂಭೀರವಾಗಿ ವಹಿ ತೆಗೆದು, "ಚಪ್ಪಲ್ ಇಡಾಕ ಒಂದೂವರೆ ಫೂಟು" ಎಂದು ಬರೆದುಕೊಂಡರು. ವಿಮಾನ ಇನ್ನಷ್ಟು ಅಗಲವಾಯಿತು.

ಒಂದೂವರೆಯ ಸುಮಾರಿಗೆ ಠಪ್ ಎಂದು ಸದ್ದಾಯಿತು. ಹಲಗೆಯ ನಟ್ಟು ಕಳಚಿ ಚಾಚಿಯ ಕಾಲು ಕೆಳಗೆ ಬಿದ್ದಿತ್ತು. ಅವರು ನೋವಿಗೆ ಕಣ್ಣು ಮುಚ್ಚಿಕೊಂಡರು.

"ಸಾಕ್ರಿ," ಎಂದರು ಚಾಚಿ ಮೆಲ್ಲಗೆ. "ನಾ ಇಳೀತೀನಿ. ನನ್ನ ನಸೀಬದಾಗಿಲ್ಲ. ನೀವು ಹೋಗಿ ಬರ್ರಿ."

ಚಾಚಾ ಎದ್ದರು. ಚಾಚಿಯನ್ನು ಕಿಟಕಿಗೆ ಬೆನ್ನು ಕೊಟ್ಟು ಅಡ್ಡ ತಿರುಗಿಸಿ ಕೂರಿಸಿದರು. ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು ಮೊಣಕಾಲು ನೀವತೊಡಗಿದರು.

"ಬಿಡ್ರಿ, ಮಂದಿ ನೋಡಾಕತ್ತಾರ!"

"ನೋಡ್ಲಿ ತಗೋ. ವಿಮಾನದಾಗ ಯಾರು ಯಾರಿಗಿ ಗುರುತು?"

ನಾನು ಉತ್ತರ ಪತ್ರಿಕೆಗೆ ತಲೆ ತಗ್ಗಿಸಿದೆ. ಮತ್ತೆ ಗಡಿಯಾರ ನೋಡಿದಾಗ ನಾಲ್ಕು ಹೊಡೆದಿತ್ತು. ತಿರುಗಿದೆ. ಚಾಚಿ ಕಿಟಕಿಗೊರಗಿ ಗಾಢ ನಿದ್ದೆಯಲ್ಲಿದ್ದರು. ಚಾಚಾ ಎರಡೂವರೆ ತಾಸಿನಿಂದ ಒಂದಿಷ್ಟೂ ಅಲುಗಾಡದೆ ಹಾಗೇ ಕೂತಿದ್ದರು. ಅವರ ಕಾಲು ಜೋಮು ಹಿಡಿದು ಎಷ್ಟು ಹೊತ್ತಾಗಿತ್ತೋ! ಅಕ್ಕಪಕ್ಕದ ಎರಡು ಸೀಟುಗಳು ಯಾವ ವಿಮಾನದಲ್ಲಿಲ್ಲ? ಊರವರ ಕಾಲನ್ನೆಲ್ಲ ಅಳೆದ ಮನುಷ್ಯ ತನ್ನ ತೊಡೆಯೊಂದನ್ನು ಅಳೆಯುವುದು ಮರೆತಿದ್ದ.

"ಚಾಚಾ, ಜಿದ್ದಾ ಬಂತು," ಎಂದೆ ಸಣ್ಣಗೆ. "ಇಳಸ್ಲೇನು?"

ಚಾಚಾ ತುಟಿಯ ಮೇಲೆ ಬೆರಳಿಟ್ಟರು.

"ಇನ್ನೊಂದು ಸುತ್ತು ಹಾಕ್ರಿ ಟೀಚರಬಾಯಿ. ಮಲಗ್ಯಾಳ."

ನಾನು ಸ್ಟೇರಿಂಗ್ ಮೆಲ್ಲಗೆ ತಿರುಗಿಸಿ ಇನ್ನೊಂದು ಸುತ್ತು ಹಾಕಿದೆ.