ಒಕ್ಕೂಟದ ಹಾಜರಿ ಪುಸ್ತಕ

ಹೊತ್ತಿಗೆ ಸರಿಯಾಗಿ ಬರುವವನಿಗೆ ಜಗತ್ತಿನಲ್ಲಿ ಗೊಂದಲವೇ ಇರುವುದಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಕಾಫಿ ಎಸ್ಟೇಟಿನಲ್ಲಿ ರೈಟರಾಗಿ ಮೂವತ್ತು ವರ್ಷ ಬೆಳಗಿನ ಹಾಜರಿ ಕರೆದವನು ನಾನು. ಗಂಟೆ ಹೊಡೆದ ಮೇಲೆ ಬಂದರೆ ಅರ್ಧ ದಿನದ ಹಾಜರಿ. ಆನೆ ದಾರಿಗಡ್ಡ ನಿಂತಿತ್ತೆಂದು ಒಮ್ಮೆ ತೋಟದ ಆಳು ಫಾತಿಮಮ್ಮ ಗೋಳಾಡಿದಾಗಲೂ, "ಆನೆಗಿಂತ ಮೊದಲು ಹೊರಡಬೇಕಿತ್ತು" ಎಂದು ಅರ್ಧವನ್ನೇ ಹಾಕಿದ್ದೆ.

ಈಗ ಮಲ್ಲಂದೂರಿನಲ್ಲಿ ತೋಟದ ಕೆಲಸಗಾರರ ಮಕ್ಕಳ ಶಿಶುವಿಹಾರಕ್ಕೆ ನಾನು ಕಾರ್ಯದರ್ಶಿ. ಶಿಕ್ಷಕಿ ಜುಬೇದಾ ಆ ಫಾತಿಮಮ್ಮನ ಮಗಳೇ. ಈಚೆಗೆ ಅಸ್ಸಾಮಿನಿಂದ ಬಂದ ಕುಟುಂಬಗಳ ಆರು ಮಕ್ಕಳು ಸೇರಿದ್ದಾರೆ. ಅವು ಹಸಿವಿಗೆ ಅಳುತ್ತವೋ ಹೊಟ್ಟೆನೋವಿಗೆ ಅಳುತ್ತವೋ, ಅವುಗಳ ಭಾಷೆ ಬಾರದ ನಮಗೆ ತಿಳಿಯುವುದಿಲ್ಲ. ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಗಳ ಒಕ್ಕೂಟವೊಂದು ಇಂಥ ಮಕ್ಕಳ ಜೊತೆ ಪಳಗಿದ ತರಬೇತುದಾರರನ್ನು ಕಳಿಸುತ್ತದೆಂದೂ, ಆದರೆ ಸದಸ್ಯರಿಗೆ ಮಾತ್ರವೆಂದೂ ಜುಬೇದಾ ಪತ್ತೆ ಮಾಡಿದಳು.

ಅರ್ಜಿ ತುಂಬಲು ಕೂತೆವು. 'ಯಾವ ಯಾವ ದೇಶಗಳಲ್ಲಿ ಕೆಲಸ ಮಾಡುತ್ತೀರಿ?' ನಾನು 'ಮಲ್ಲಂದೂರು' ಎಂದು ಬರೆದೆ. 'ನಿಮ್ಮ ಬದಲಾವಣೆಯ ಸಿದ್ಧಾಂತವೇನು?' ಎರಡು ಸಲ ಓದಿ, 'ಎಲ್ಲರೂ ಹೊತ್ತಿಗೆ ಸರಿಯಾಗಿ ಬರುವುದು' ಎಂದು ಬರೆದೆ.

"ಅದು ನಿಮ್ ಸಿದ್ಧಾಂತ ಮಾರಾಯ್ರೆ! ಶಿಶುವಿಹಾರದ್ದು ಬರೀರಿ" ಎಂದಳು ಜುಬೇದಾ.

ಸದಸ್ಯರಾಗುವ ಮೊದಲು ಒಕ್ಕೂಟದವರ ಜೊತೆ ಮೂರು ಆನ್‌ಲೈನ್ ಸಭೆಗಳು. ಮೂರನೆಯದರಲ್ಲಿ ನಮ್ಮವರು ಮಾತಾಡದಿದ್ದರೆ ಅರ್ಜಿ ಮುಂದಿನ ವರ್ಷಕ್ಕೆ. ಮೊದಲ ಸಭೆಗೆ ಅರ್ಧ ಗಂಟೆ ಮೊದಲೇ ಕೂತೆ. ಒಕ್ಕೂಟದ ಅಧ್ಯಕ್ಷೆ ಏಳು ನಿಮಿಷ ತಡವಾಗಿ ಬಂದರು. ನಾನು ಹಾಜರಿ ಪುಸ್ತಕದಲ್ಲಿ ಅವರ ಹೆಸರು ಬರೆದು, ಅರ್ಧ ಹಾಕಿ, ಅದನ್ನು ಅವರಿಗೇ ತಿಳಿಸಿದೆ. ಅವರು ನಕ್ಕರು. ಕ್ಷಮೆ ಕೇಳುವ ರೀತಿ ಅದಿರಬೇಕೆಂದುಕೊಂಡೆ.

ಮಾರ್ಚ್ ಕೊನೆಗೆ ಮೂರನೆಯ ಸಭೆ, ಎಂದಿನಂತೆ ಎರಡೂವರೆಗೆ. ಊಟದ ನಂತರ ಒಂದರಿಂದ ಒಂದೂಮುಕ್ಕಾಲರವರೆಗೆ ಫೋನ್ ಬಂದ್ ಮಾಡಿ ಮಲಗುವುದು ನನ್ನ ನಿಯಮ. ಎದ್ದು, ಇಸ್ತ್ರಿ ಅಂಗಿ ತೊಟ್ಟು, ಎರಡಕ್ಕೇ ಕೂತೆ. ಸಭೆ ಮುಗಿದಿದೆ ಎಂದಿತು ಪರದೆ. ಕೈಗಡಿಯಾರ ನೋಡಿದೆ, ಗೋಡೆಯದನ್ನು ನೋಡಿದೆ. ಎರಡೂ ನನ್ನ ಕಡೆಗೇ ಇದ್ದವು. ಹಾಜರಿ ಪುಸ್ತಕ ಹಿಡಿದೇ ಶಿಶುವಿಹಾರಕ್ಕೆ, ಜುಬೇದಾಳ ಬಳಿಗೆ ಓಡಿದೆ.

"ಎಲ್ಲಿ ಹೋಗಿದ್ರಿ ಸಾರ್? ಎಷ್ಟು ಸಲ ಫೋನ್ ಮಾಡ್ದೆ! ಬೇಸಿಗೆ ಬಂತಂದ್ರೆ ಆ ಅಧ್ಯಕ್ಷರ ದೇಶದಲ್ಲಿ ಗಡಿಯಾರನ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರಂತೆ. ಮೀಟಿಂಗು ನಮ್ ಒಂದೂವರೆಗೇ ಶುರುವಾಯ್ತು, ನೀವು ಸಿಗ್ದೇ ಇದ್ದಾಗ ನನಗೆ ಫೋನ್ ಮಾಡಿ ಕರೆದ್ರು."

ಇಡೀ ದೇಶವೇ ಗಡಿಯಾರ ತಿರುಗಿಸುವುದೇ? ನನ್ನ ಹಾಜರಿಯಲ್ಲಿ ಯಾರಾದರೂ ಆ ನೆಪ ಹೇಳಿದ್ದರೆ ನೆಟ್ಟಗೆ ಮನೆಗೆ ಕಳಿಸುತ್ತಿದ್ದೆ.

"ನಮ್ಮ ಅರ್ಜಿ?"

"ನಾನೇ ಮಾತಾಡ್ದೆ. ಈ ಪಾಪು ಅಳ್ತಾ ಇತ್ತು, ತೊಡೆ ಮೇಲೇ ಕೂರಿಸ್ಕೊಂಡಿದ್ದೆ. ಇದು ಯಾಕೆ ಅಳ್ತಿದೆ ಅಂತ ಗೊತ್ತಾಗಲ್ಲ, ಅದೇ ನಮ್ ಕಷ್ಟ ಅಂದೆ. ಸೇರಿಸ್ಕೊಂಡ್ರು. ಹಾಜರಿ ಹಾಕೋರು ಎಲ್ಲಿ ಅಂತ ಅಧ್ಯಕ್ಷರು ಕೇಳಿದ್ರು."

ನಾನು ಪುಸ್ತಕ ತೆರೆದು ನನ್ನ ಹೆಸರಿನ ಮುಂದೆ ಪೆನ್ನಿಟ್ಟೆ. ಮುಗಿದ ಮೇಲೆ ಬಂದವನಿಗೆ ಅರ್ಧವೂ ಇಲ್ಲ.

"ಆನೆ ಅಡ್ಡ ಬಂತು ಅಂತ ಬರೀರಿ ಸಾರ್" ಎಂದಳು ಫಾತಿಮಮ್ಮನ ಮಗಳು.

ಅದೆಷ್ಟು ನ್ಯಾಯವಾದ ಕಾರಣವೆಂದು ನನಗೆ ಅಂದೇ ಮೊದಲು ಅನಿಸಿದ್ದು.